ನಾಳೆಯೂ ಅದೇ ಜಾಗದಲ್ಲಿ ಸಿಗುತ್ತೀರಾ?

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಹಳ್ಳಿಯವನು. ಐದು ವರ್ಷದ ಹಿಂದೆ ಗೆಳೆಯನೊಬ್ಬನ ಜೊತೆ ಗುಳೆ ಬಂದು ತುಮಕೂರಿನಲ್ಲೇ ಉಳಿದೆ. ಮೊದಲು ಕಟ್ಟಡದ ಕೆಲಸ, ಈಗ ಬೀದಿ ವ್ಯಾಪಾರ. ವಾರದ ದಿನಗಳಲ್ಲಿ ಬಿ.ಎಚ್. ರಸ್ತೆಯಲ್ಲಿ ಮೊಬೈಲ್ ಕವರ್, ಇಯರ್‌ಫೋನ್, ಪವರ್ ಬ್ಯಾಂಕ್. ಶುಕ್ರವಾರ ಗೊರವನಹಳ್ಳಿ, ಆಗಾಗ ಎಡೆಯೂರು; ಜಾತ್ರೆ ಇದ್ದಲ್ಲಿ ರುದ್ರಾಕ್ಷಿ, ಪಂಚಲೋಹದ ಉಂಗುರ. ಸತ್ಯ ಹೇಳುತ್ತೇನೆ, ರುದ್ರಾಕ್ಷಿ ರುದ್ರಾಕ್ಷಿಯಲ್ಲ, ಪಂಚಲೋಹ ಪಂಚಲೋಹವಲ್ಲ, ಪವರ್ ಬ್ಯಾಂಕಿನ ಮೇಲಿರುವ ಕಂಪನಿಯ ಹೆಸರೂ ನಿಜವಲ್ಲ. ಗೆಳೆಯ ಗಿರಾಕಿಯಂತೆ ಬಂದು ಚೌಕಾಸಿ ಮಾಡಿ ಎರಡು ಕೊಳ್ಳುತ್ತಾನೆ, ಆಮೇಲೆ ಜನ ಸೇರುತ್ತಾರೆ. ಜಾತ್ರೆಯ ದಿನ ನಾಲ್ಕು ಸಾವಿರ ಸಿಕ್ಕಿದ್ದೂ ಉಂಟು, ಮಳೆಯ ದಿನ ಬೋಣಿಯೂ ಆಗದೆ ಬಂದದ್ದೂ ಉಂಟು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಪಾವಗಡ ಕಡೆಯ ಹುಡುಗಿಗೆ ಕಳೆದ ಕಾರ್ತಿಕದಲ್ಲಿ ದೇವಸ್ಥಾನದಲ್ಲಿ ಅರಿಸಿನದ ಕೊಂಬು ಕಟ್ಟಿದೆ. ಅವಳಿಗೆ 22. ಜಾತಿ ಬೇರೆ. ಎರಡೂ ಮನೆಗೆ ತಿಳಿದಿಲ್ಲ. ಮಾಲನ್ನು ಗೆಳೆಯನ ಕೋಣೆಯಲ್ಲಿ ಇಡುತ್ತೇನೆ. ನಾನು ಮೊಬೈಲ್ ಅಂಗಡಿಯೊಂದರ ಲೈನ್ ಕೆಲಸದವನು ಎಂದೇ ಅವಳು ತಿಳಿದಿದ್ದಾಳೆ. ಈಗ ಶ್ರಾವಣದಲ್ಲಿ 11 ವಾರ ಎಂದು ಡಾಕ್ಟರು ಹೇಳಿದರು. ನಾವು ಬಯಸಿದ್ದಲ್ಲ. ಗೆಳೆಯ ‘ಮೆಡಿಕಲ್‌ನಲ್ಲಿ ಮಾತ್ರೆ ಸಿಗುತ್ತದೆ, ಮುಗಿಸು’ ಎನ್ನುತ್ತಾನೆ. ಊರಿಗೆ ತಿಂಗಳಿಗೆ ಐದು ಸಾವಿರ ಕಳುಹಿಸಬೇಕು, ತಂಗಿಯ ಮದುವೆಯ ಸಾಲವಿದೆ. ನನ್ನ ಅಪ್ಪನೂ ಗುಳೆ ಹೋಗುತ್ತಿದ್ದವರು. ಯುಗಾದಿಗೆ, ಮೊಹರಮ್ಮಿಗೆ ಬಿಟ್ಟರೆ ಮುಖ ಕಂಡವನಲ್ಲ ನಾನು. ಒಮ್ಮೊಮ್ಮೆ ರಾತ್ರಿ ರೈಲು ಹತ್ತಿ ಓಡಿಹೋಗಬೇಕೆನ್ನಿಸುತ್ತದೆ. ಅಪ್ಪನಾಗಲು ನಾನು ಲಾಯಕ್ಕೇ? ಉಳಿದ ಮಾಲನ್ನು ಏನು ಮಾಡಲಿ?
— ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ಮೇಜಿನ ಖಾನೆ ತೆರೆದು ನೋಡಿದೆ. ಕ್ಯಾತ್ಸಂದ್ರದಲ್ಲಿ ಜಾತ್ರೆಯ ಹೊತ್ತಿಗೆ ನಾನೇ ಕೊಂಡ ಒಂದು ಸರ ಅಲ್ಲಿದೆ. ಒಂದೇ ಮಳೆಗೆ ಬಣ್ಣ ಬಿಟ್ಟು ಬಿಳಿ ಸೀರೆ ಹಾಳು ಮಾಡಿದ ರುದ್ರಾಕ್ಷಿ ಅದು. ಮಾರಿದವರು ನೀವೇ ಇರಲಿಕ್ಕಿಲ್ಲ. ಆದರೆ ಮರುದಿನ ಆ ಜಾಗಕ್ಕೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ ಎಂಬುದು ಮಾತ್ರ ನೆನಪಿದೆ. ಸರ ಹೋಗಲಿ, ನಿಮಗೆ ಹೇಳಬೇಕಾದುದೆಲ್ಲ ಆ ಖಾಲಿ ಜಾಗದಿಂದಲೇ ಶುರುವಾಗುತ್ತದೆ.

ನಿಮ್ಮ ವ್ಯಾಪಾರದ ಬಂಡವಾಳ ಮಾಲಲ್ಲ, ಮರುದಿನ ಸಿಗದಿರುವುದು. ಗೊರವನಹಳ್ಳಿಯಲ್ಲಿ ಮಾರಿದವನು ಎಡೆಯೂರಿನಲ್ಲಿರಬೇಕು, ಎಡೆಯೂರಿನಲ್ಲಿ ಹುಡುಕುವಾಗ ಬಿ.ಎಚ್. ರಸ್ತೆಯಲ್ಲಿರಬೇಕು. ಇಷ್ಟು ಕಾಲ ಇದನ್ನೇ ಅಭ್ಯಾಸ ಮಾಡಿದ್ದೀರಿ. ಈ ಅಭ್ಯಾಸ ಮನೆಯೊಳಕ್ಕೂ ಬಂದಿದೆ. ಹೆಂಡತಿಗೆ ನಿಮ್ಮ ಕೆಲಸ ಗೊತ್ತಿಲ್ಲ, ತಾಯಿಗೆ ಮದುವೆ ಗೊತ್ತಿಲ್ಲ, ಮಾವನಿಗೆ ನೀವು ಇದ್ದೀರಿ ಎಂಬುದೇ ಗೊತ್ತಿಲ್ಲ. ಈಗ ಬರುತ್ತಿರುವ ಕೂಸಿಗೆ ಬೇಕಿರುವುದು ನಾಳೆಯೂ ಅದೇ ಜಾಗದಲ್ಲಿ ಸಿಗುವ ಮನುಷ್ಯ. ಲಾಯಕ್ಕೇ ಎಂದು ಕೇಳಿದ್ದೀರಿ. ಆ ಪ್ರಶ್ನೆಗೆ ಯಾವ ಅಪ್ಪನ ಬಳಿಯೂ ಉತ್ತರವಿರುವುದಿಲ್ಲ, ಇದ್ದವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಸಿಗುವವನಾಗುವುದು ಹೇಗೆ ಎಂಬುದನ್ನಾದರೆ ಹೇಳಿಕೊಡಬಹುದು.

ಅದಕ್ಕೂ ಮೊದಲು ಒಂದು ಮಾತು. ಇಷ್ಟುದ್ದದ ಪತ್ರದಲ್ಲಿ ಗೆಳೆಯ ಏನೆನ್ನುತ್ತಾನೆ ಎಂದಿದೆ, ಡಾಕ್ಟರು ಏನೆಂದರು ಎಂದಿದೆ. ಅವಳು ಏನೆಂದಳು ಎಂಬ ಒಂದು ಸಾಲಿಲ್ಲ. ಹೊಟ್ಟೆ ಅವಳದು. ಕಾನೂನೂ ಹಾಗೆಯೇ ಹೇಳುತ್ತದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯ ನಂತರ, 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ವಯಸ್ಕ ಹೆಣ್ಣಿನ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಬೇಕಿಲ್ಲ, ಅವಳ ಗುಟ್ಟನ್ನು ಆಸ್ಪತ್ರೆ ಹೊರಗೆ ಬಿಡುವಂತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಮದುವೆಯಾದವರು, ಆಗದವರು ಎಂಬ ಭೇದ ಸಲ್ಲದು ಎಂದೂ ಹೇಳಿದೆ. ಆದ್ದರಿಂದ ಬೇಡ ಎನ್ನುವ ಹಕ್ಕು ಅವಳದು, ಬೇಕು ಎನ್ನುವುದೂ ಅವಳದು. ನಿಮ್ಮ ಗೆಳೆಯನಿಗೆ ಇದರಲ್ಲಿ ಮತವಿಲ್ಲ. ಅವನು ಹೇಳಿದ ಮೆಡಿಕಲ್ ಅಂಗಡಿಯ ಮಾತ್ರೆಯನ್ನಂತೂ ಮುಟ್ಟಬೇಡಿ. ಆ ಮಾತ್ರೆಗಳಿಗೆ ನಮ್ಮ ದೇಶದಲ್ಲಿ ಒಪ್ಪಿಗೆ ಇರುವುದು ಒಂಬತ್ತು ವಾರದವರೆಗೆ, ಅದೂ ವೈದ್ಯರ ಕೈಯಲ್ಲಿ. ನೀವು ಹನ್ನೊಂದರಲ್ಲಿದ್ದೀರಿ. ಅಂಗಡಿಯಿಂದ ತಂದು ನುಂಗಿಸಿ, ಅರ್ಧಂಬರ್ಧ ಆಗಿ, ರಕ್ತ ನಿಲ್ಲದೆ ಬೆಳಗಿನ ಜಾವ ಆಟೋದಲ್ಲಿ ಆಸ್ಪತ್ರೆಗೆ ಬಂದವರನ್ನು ನಾನು ಕಂಡಿದ್ದೇನೆ. ಅವಳಿಗೆ ಬೇಡವೆನಿಸಿದರೆ ಜಿಲ್ಲಾಸ್ಪತ್ರೆಗೆ ಹೋಗಿ. ಬೇಕೆನಿಸಿದರೆ ಮುಂದಿನದನ್ನು ಓದಿ. ಪತ್ರದಲ್ಲಿ ‘ಬಯಸಿದ್ದಲ್ಲ’ ಎಂದಿದ್ದೀರಿ, ‘ಬೇಡ’ ಎಂದಿಲ್ಲ. ಹಾಗಾಗಿ ನಾನು ಮುಂದಕ್ಕೇ ಬರೆಯುತ್ತೇನೆ.

ಅವಳೊಡನೆ ಮಾತಾಡುವ ರಾತ್ರಿ ನಿಮ್ಮ ಕಸುಬನ್ನೂ ಹೇಳಿಬಿಡಿ. ಎರಡನ್ನೂ ಒಂದೇ ದಿನ ಹೇಳಿ, ಕಂತಿನಲ್ಲಿ ಬೇಡ. ಸಿಟ್ಟಾಗುತ್ತಾಳೆ, ಆಗಲಿ. ವರ್ಷಗಟ್ಟಲೆ ಮಷೀನಿನ ಮುಂದೆ ಕೂತು ಗಂಟೆಗಿಷ್ಟು ಪೀಸು ಎಂದು ಲೆಕ್ಕ ಕೊಡುವ ಹೆಣ್ಣುಮಗಳು ನಿಮಗಿಂತ ಚೆನ್ನಾಗಿ ಲೆಕ್ಕ ಬಲ್ಲಳು. ಅವಳು ಮೊದಲು ಕೇಳುವುದು ಪಾಪ ಪುಣ್ಯವನ್ನಲ್ಲ, ‘ಹಿಡಿದರೆ ಏನಾಗುತ್ತದೆ?’ ಎಂದು. ಉತ್ತರ ತಿಳಿದಿಟ್ಟುಕೊಳ್ಳಿ. ಬೇರೊಬ್ಬರ ಬ್ರ್ಯಾಂಡಿನ ಹೆಸರು ಹಾಕಿದ ಮಾಲು ಮಾರಿದರೆ 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ರುದ್ರಾಕ್ಷಿ ಎಂದು ಬೇರೆ ಬೀಜ ಮಾರುವುದು ಸೀದಾ ವಂಚನೆ. ಇಷ್ಟು ದಿನ ಇದು ನಿಮ್ಮೊಬ್ಬರ ಅಪಾಯವಾಗಿತ್ತು. ಇನ್ನು ಬಾಣಂತಿಯೊಬ್ಬಳು ಠಾಣೆಯ ಬಾಗಿಲಲ್ಲಿ ಕೂರುವ ಅಪಾಯ.

ಇನ್ನೊಂದು ಲೆಕ್ಕವನ್ನೂ ನೀವು ಮಾಡಿಲ್ಲ. ಶ್ರಾವಣದಲ್ಲಿ 11 ವಾರವೆಂದರೆ ಹೆರಿಗೆ ಬೀಳುವುದು ಶಿವರಾತ್ರಿಯ ಆಸುಪಾಸು. ಸಿದ್ಧಗಂಗೆ ಜಾತ್ರೆ! ವರ್ಷದಲ್ಲೇ ನಿಮಗೆ ಹೆಚ್ಚು ದುಡ್ಡು ಬರುವ ದಿನಗಳಲ್ಲಿ ಅವಳಿಗೆ ನೋವು ಬರುತ್ತದೆ. ‘ಎರಡು ದಿನ ತಾನೆ, ಮುಗಿಸಿ ಬರುತ್ತೇನೆ’ ಎಂದು ನೀವು ಆಗ ಹೇಳುತ್ತೀರಿ, ಬರೆದಿಟ್ಟುಕೊಳ್ಳಿ. ನಿಮ್ಮ ಅಪ್ಪನೂ ಹಾಗೆಯೇ ಹೇಳಿದ್ದಿರಬಹುದು. ಅವರನ್ನು ದೂರುತ್ತಿಲ್ಲ, ಮಳೆಯನ್ನೇ ನಂಬಿದ ಹೊಲವಿರುವವನು ಗುಳೆ ಹೋಗದೆ ಇನ್ನೇನು ಮಾಡಬೇಕಿತ್ತು? ನಿಮಗೆ ಮಾತ್ರ ಅವರಿಗಿಲ್ಲದ ಒಂದು ಅನುಕೂಲವಿದೆ. ಹೆಂಡತಿಯೂ ದುಡಿಮೆಯೂ ಒಂದೇ ಊರಿನಲ್ಲಿವೆ. ಅದನ್ನು ಕಳೆದುಕೊಳ್ಳಬೇಡಿ. ಅವಳನ್ನು ಊರಿಗೆ ಕಳುಹಿಸಿ ತಾನು ಇಲ್ಲಿ ಒಂಟಿಯಾಗಿ ದುಡಿಯುತ್ತೇನೆ ಎನ್ನುವುದು ತ್ಯಾಗದಂತೆ ಕಾಣುತ್ತದೆ. ಹಾಗೆ ಕಳುಹಿಸಿದ ಗಂಡಂದಿರ ದುಡ್ಡು ಮೊದಲು ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಫೋನ್ ಸ್ವಿಚ್ ಆಫ್. ಓಡಿಹೋಗುವುದರಲ್ಲಿ ಇದೂ ಒಂದು ಬಗೆ, ಸ್ವಲ್ಪ ನಿಧಾನದ್ದು.

ಹಣದ ವಿಷಯದಲ್ಲಿ ಸದ್ಯ ನಿಮ್ಮ ಮನೆಯ ದೊಡ್ಡ ಆಸ್ತಿ ಅವಳ ಕೆಲಸ. ಗರ್ಭಿಣಿಯಾದ ಕೂಡಲೇ ರಾಜೀನಾಮೆ ಕೊಟ್ಟು ಪಿ.ಎಫ್. ಹಣ ಬಿಡಿಸಿಕೊಂಡು ಹೆರಿಗೆಗೆ ಇಟ್ಟುಕೊಳ್ಳುವುದು ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ರೂಢಿಯಾಗಿಬಿಟ್ಟಿದೆ. ದಯವಿಟ್ಟು ಬೇಡ. ಸಂಬಳ 21 ಸಾವಿರದ ಒಳಗಿದ್ದು ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ, ಹಿಂದಿನ ಒಂದು ಅಥವಾ ಎರಡು ವಂತಿಗೆ ಅವಧಿಗಳಲ್ಲಿ (ಒಂದು ಅವಧಿ ಎಂದರೆ ಆರು ತಿಂಗಳು) ಒಟ್ಟು 70 ದಿನದ ವಂತಿಗೆ ತುಂಬಿದ್ದರೆ ಸಾಕು, 26 ವಾರ ಹೆರಿಗೆ ರಜೆಯ ಭತ್ಯೆ ಪೂರ್ತಿ ಸರಾಸರಿ ಕೂಲಿಯ ಲೆಕ್ಕದಲ್ಲಿ ಸಿಗುತ್ತದೆ. ಇದರಲ್ಲಿ ಎಂಟು ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ರಜೆಯಲ್ಲಿದ್ದಾಳೆಂದು ಕೆಲಸದಿಂದ ತೆಗೆಯುವಂತಿಲ್ಲ. 50 ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಕೂಸನ್ನು ನೋಡಿ ಬರಬಹುದು. ಕಾಗದದ ಮೇಲೆ ಇರುವುದೆಲ್ಲ ಶೆಡ್ಡಿನೊಳಗೆ ತಾನಾಗಿ ಬರುವುದಿಲ್ಲ, ನಿಜ. ಕೇಳಬೇಕು, ಬರಹದಲ್ಲಿ ಕೇಳಬೇಕು. ಗರ್ಭಿಣಿಯರಿಗೆ ಸರ್ಕಾರ ಕೊಡುವ ಮಾತೃ ವಂದನಾ ಯೋಜನೆಯ 5 ಸಾವಿರವೂ ಇದೆಯಲ್ಲ ಎಂದು ಯಾರಾದರೂ ಹೇಳಿಯಾರು. ಇ.ಎಸ್.ಐ. ಹೆರಿಗೆ ಭತ್ಯೆ ಸಿಗುವವರಿಗೆ ಅದು ಸಿಗುವುದಿಲ್ಲ. 26 ವಾರದ ಕೂಲಿಯ ಮುಂದೆ ಅದು ಚಿಲ್ಲರೆ.

ಈ ವಾರವೇ ಆಗಬೇಕಾದ ಕೆಲಸ ತಾಯಿ ಕಾರ್ಡ್, ಗರ್ಭಿಣಿಯ ತಪಾಸಣೆಗಳನ್ನು ಬರೆದಿಡುವ ಸರ್ಕಾರಿ ಕಾರ್ಡು. ಹತ್ತಿರದ ನಗರ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ 12 ವಾರದೊಳಗೆ ಹೆಸರು ಬರೆಸಿ. ‘ನಾವು ಈ ಊರಿನವರಲ್ಲ’ ಎಂದು ಹಿಂಜರಿಯಬೇಡಿ, ಗರ್ಭಿಣಿಗೆ ಊರಿನ ಹಂಗಿಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ಉಚಿತ ತಪಾಸಣೆ ಇರುತ್ತದೆ. ಆ ದಿನ ಗಾಡಿ ಹಚ್ಚಬೇಡಿ, ಜೊತೆಗೆ ಹೋಗಿ. ಸಾಲಿನಲ್ಲಿ ಗಂಡಸರು ವಿರಳ, ಹೊರಗೆ ಚಹಾ ಅಂಗಡಿಯಲ್ಲಿ ನಿಂತವರೇ ಹೆಚ್ಚು. ನೀವು ಒಳಗೆ ನಿಲ್ಲಿ.

ಮದುವೆಯನ್ನು ನೋಂದಾಯಿಸಿ. ಅರಿಸಿನದ ಕೊಂಬಿನ ಬಗ್ಗೆ ನನಗೆ ಗೌರವವಿದೆ, ಉಪನೋಂದಣಾಧಿಕಾರಿ ಕಚೇರಿಗೆ ಇರುವುದಿಲ್ಲ. ಶಾಸ್ತ್ರಗಳು ಸರಿಯಾಗಿ ನಡೆದಿದ್ದು ಫೋಟೊ, ಸಾಕ್ಷಿಗಳಿದ್ದರೆ ಹಿಂದೂ ವಿವಾಹವಾಗಿ ನೋಂದಾಯಿಸಬಹುದು. ಅದರಲ್ಲಿ ಅನುಮಾನವಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸು ಕೊಟ್ಟು 30 ದಿನ ಕಾಯಬೇಕು. ನೋಟಿಸು ಕಚೇರಿಯ ಗೋಡೆಗೆ ಬೀಳುತ್ತದೆ, ಮನೆಯವರಿಗೆ ತಿಳಿಯುವ ಸಾಧ್ಯತೆಯೂ ಇದೆ. ಆದ್ದರಿಂದ ಮನೆಯವರಿಗೆ ಮೊದಲು ನೀವೇ ಹೇಳಿರುವುದು ಒಳ್ಳೆಯದು. ಇಬ್ಬರೂ ವಯಸ್ಸಿಗೆ ಬಂದವರು, ಯಾರ ಅಪ್ಪಣೆಯೂ ಕಾನೂನಿಗೆ ಬೇಕಿಲ್ಲ. ಬೆದರಿಕೆ ಬಂದರೆ ಅವಳು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಸಹಾಯವಾಣಿ 15100. ನೋಂದಣಿಯಿಂದ ನಿಮಗೂ ಒಂದು ಲಾಭವಿದೆ, ಅವಳ ಇ.ಎಸ್.ಐ. ಕುಟುಂಬದಲ್ಲಿ ಗಂಡನಾಗಿ ನಿಮ್ಮ ಹೆಸರು ಸೇರುತ್ತದೆ. ಬಿಸಿಲಲ್ಲಿ ನಿಲ್ಲುವ ಮೈಗೆ ಒಂದು ದಿನ ಅದೇ ಆಸರೆ.

ರಾತ್ರಿ ರೈಲಿನ ಬಗ್ಗೆ ಬರೆದಿದ್ದೀರಲ್ಲ, ಅದಕ್ಕೆ ಇಷ್ಟು: ಮದುವೆ ಕಾಗದದ ಮೇಲೆ ನಿಲ್ಲಲಿ, ಬಿಡಲಿ, ಮಗುವಿನ ಜೀವನಾಂಶದ ಹೊಣೆ ತಪ್ಪುವುದಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ವಿವಾಹದಾಚೆ ಹುಟ್ಟಿದ ಮಗುವಿಗೂ ಆ ಹಕ್ಕು ಕೊಟ್ಟಿದೆ. ಹೆದರಿಸಲು ಬರೆಯುತ್ತಿಲ್ಲ. ಓಡಬೇಕೆನ್ನಿಸುವುದು ಬಹಳ ಗಂಡಸರಿಗೆ ಅನ್ನಿಸುತ್ತದೆ, ಹೇಳಿಕೊಳ್ಳುವವರು ಕಡಿಮೆ. ಹೇಳಿಕೊಂಡಿರಿ, ಅದೇ ಅರ್ಧ ಇಳಿದಂತೆ. ನಿದ್ದೆ ಬಾರದ ರಾತ್ರಿಗಳು ಹೆಚ್ಚಾದರೆ 14416ಕ್ಕೆ ಕರೆ ಮಾಡಿ, ಟೆಲಿ ಮನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ವ್ಯಾಪಾರ. ಬೀದಿ ಬಿಡಿ ಎಂದು ನಾನು ಹೇಳುವುದಿಲ್ಲ. ಬಾಯಿ ಇದೆ, ಗಿರಾಕಿಯ ಕಣ್ಣು ಓದುವ ಬುದ್ಧಿ ಇದೆ, ಇದನ್ನು ಬಿಟ್ಟು ಮತ್ತೆ ಗಾರೆ ಕೆಲಸಕ್ಕೆ ಏಕೆ ಹೋಗಬೇಕು? ಬಿಡಬೇಕಾದದ್ದು ಮರುದಿನ ಮುಖ ತೋರಿಸಲಾಗದ ಮಾಲನ್ನು. ಕವರ್, ಟೆಂಪರ್ಡ್ ಗ್ಲಾಸ್, ಚಾರ್ಜರ್ ವೈರ್ ಇವನ್ನು ಹೆಸರಿಲ್ಲದ ಅಗ್ಗದ ಮಾಲು ಎಂದೇ ಹೇಳಿ ಮಾರಬಹುದು. ಲಾಭ ಕಡಿಮೆ, ಆದರೆ ಗ್ಲಾಸ್ ಅಂಟಿಸಿಕೊಂಡವನು ಇನ್ನೊಬ್ಬನನ್ನು ಕರೆತರುತ್ತಾನೆ. ಮಹಾನಗರ ಪಾಲಿಕೆಯಲ್ಲಿ ಬೀದಿಬದಿ ವ್ಯಾಪಾರಿಯಾಗಿ ಹೆಸರು ಬರೆಸಿ ಗುರುತಿನ ಚೀಟಿ ಪಡೆಯಿರಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಲವಾದದ್ದು. ಎಬ್ಬಿಸುವ ಮೊದಲು 30 ದಿನದ ನೋಟಿಸು ಕೊಡಬೇಕು. ಜಪ್ತಿ ಮಾಡಿದ ಮಾಲಿಗೆ ಪಟ್ಟಿ ಕೊಡಬೇಕು. ಕೆಡದ ಮಾಲಾದರೆ ನೀವು ಕೇಳಿದ ಎರಡು ಕೆಲಸದ ದಿನದೊಳಗೆ ಹಿಂದಿರುಗಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲೊಬ್ಬರನ್ನು ಪರಿಚಯ ಮಾಡಿಕೊಳ್ಳಿ. ಆ ಚೀಟಿಯ ಮೇಲೆ, ಇಲ್ಲವೇ ಪಾಲಿಕೆಯ ಶಿಫಾರಸು ಪತ್ರದ ಮೇಲೆ, ಬೀದಿ ವ್ಯಾಪಾರಿಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸ್ವನಿಧಿ ಸಾಲ ಸಿಗುತ್ತದೆ. 2020ರಲ್ಲಿ 10 ಸಾವಿರದಿಂದ ಶುರುವಾದ ಯೋಜನೆಯಲ್ಲಿ ಈಗ ಮೊದಲ ಕಂತು 15 ಸಾವಿರ, ತೀರಿಸಿದರೆ 25 ಸಾವಿರ, ಮತ್ತೆ 50 ಸಾವಿರ. ಸಮಯಕ್ಕೆ ಕಟ್ಟಿದರೆ ಶೇ 7ರಷ್ಟು ಬಡ್ಡಿ ಸಹಾಯಧನ. ಬೆಳಿಗ್ಗೆ ಒಂಬೈನೂರು ಕೊಟ್ಟು ಸಂಜೆ ಸಾವಿರ ಕೇಳುವವನ ಹತ್ತಿರ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ.

ಗಾಡಿ ಒಂದೇ ಜಾಗದಲ್ಲಿ ನಿಂತರೆ ಪಿಗ್ಮಿಯವನು ಬರುತ್ತಾನೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಬಡ ದುಡಿಮೆಗಾರರ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ವಸೂಲಿ ಮಾಡಲು ಶುರು ಮಾಡಿದ ಉಳಿತಾಯ ಅದು. ಬ್ಯಾಂಕು ವಿಲೀನವಾಗಿ ಹೋಯಿತು, ಪಿಗ್ಮಿ ಸಹಕಾರ ಸಂಘಗಳಲ್ಲಿ ಇನ್ನೂ ಉಳಿದಿದೆ. ದಿನಕ್ಕೆ ನೂರು ಕಟ್ಟಿ. ಆರೂವರೆ ತಿಂಗಳಲ್ಲಿ, ಮಳೆಯ ದಿನಗಳನ್ನು ಬಿಟ್ಟರೂ, ಹದಿನೈದು ಸಾವಿರದ ಹತ್ತಿರ ಬಂದಿರುತ್ತದೆ. ಆಗ ಸಿದ್ಧಗಂಗೆ ಜಾತ್ರೆಯನ್ನು ಒಂದು ವರ್ಷ ಬಿಡಬಹುದು. ಸಂಘ ನೋಂದಾಯಿತವೇ ಎಂದು ಮೊದಲು ವಿಚಾರಿಸಿ. ಮೋಸ ಮಾಡುವುದು ಬಲ್ಲವರಿಗೆ ಮೋಸ ಹೋಗುವುದಿಲ್ಲವೆಂಬ ಭ್ರಮೆ ಇರುತ್ತದೆ.

ನಿಮ್ಮ ಗೆಳೆಯನ ವಿಷಯದಲ್ಲಿ ಸ್ವಲ್ಪ ಗಡುಸಾಗಿ ಬರೆದೆ. ಅವನಿಗೂ ನ್ಯಾಯ ಬೇಕು. ಐದು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು, ಜ್ವರ ಬಂದಾಗ ಗಂಜಿ ಕಾಸಿದವನೂ ಅವನೇ ಇರಬೇಕು. ನಿಮಗೆ ಸಂಸಾರ ಬರುತ್ತಿದೆ, ಅವನಿಗೆ ಇದ್ದ ಒಂದು ಸಂಸಾರ ಹೋಗುತ್ತಿದೆ. ‘ಮುಗಿಸು’ ಎಂಬ ಮಾತಿನಲ್ಲಿ ಈ ಭಯವೂ ಇದ್ದೀತು. ಮಾಲು, ಬಾಕಿ, ಕೋಣೆಯ ಮುಂಗಡ ಎಲ್ಲವನ್ನೂ ಕೂತು ಲೆಕ್ಕ ಮಾಡಿ ಅವನ ಪಾಲು ಕೊಡಿ. ಹೊಸ ರೀತಿಯಲ್ಲಿ ಬರುವುದಾದರೆ ಜೊತೆಗೆ ಬರಲಿ. ಬಾರದಿದ್ದರೆ ಬೇರೆಯಾಗಿ, ಆದರೆ ಮಾತು ಬಿಡಬೇಡಿ.

ಊರಿನ ಐದು ಸಾವಿರ ಮೂರಕ್ಕೆ ಇಳಿಯಲೇಬೇಕು. ಕಡಿಮೆ ಮಾಡಿ ಆಮೇಲೆ ತಿಳಿಸಬೇಡಿ, ತಿಳಿಸಿ ಕಡಿಮೆ ಮಾಡಿ. ಮದುವೆಯ ಸುದ್ದಿಯನ್ನೂ ಆಗಲೇ ಹೇಳಿ. ಎರಡೂ ಕಡೆ ಮೊದಲು ಯಾರಿಗೆ ಹೇಳುವುದು? ನನ್ನ ಅನುಭವದಲ್ಲಿ ಅಪ್ಪಂದಿರಿಗೆ ಅಲ್ಲ. ಅಜ್ಜಿಗೆ, ಅಥವಾ ಅವಳ ಸೋದರಮಾವನಿಗೆ. ಅಜ್ಜಿಯರು ಬೈಯುತ್ತಾರೆ, ಬೈದು ಮುಗಿದ ಮೇಲೆ ‘ಎಷ್ಟು ತಿಂಗಳು?’ ಎಂದು ಕೇಳುತ್ತಾರೆ. ಮದುವೆಗೆ ಬಾರದವರು ತೊಟ್ಟಿಲಿಗೆ ಬಂದದ್ದನ್ನು ಬಹಳ ಕಂಡಿದ್ದೇನೆ. ಬಾರದೇ ಹೋದದ್ದನ್ನೂ ಕಂಡಿದ್ದೇನೆ. ಅವರು ಬರುತ್ತಾರೆ ಎಂಬ ನಂಬಿಕೆಯ ಮೇಲೆ ಬಾಣಂತನದ ಲೆಕ್ಕ ಹಾಕಬೇಡಿ.

ತವರು ಒಪ್ಪದಿದ್ದರೆ ಬಾಣಂತನ ಯಾರು ಮಾಡುವುದು? ನೀವು. ನಗಬೇಡಿ. ನಿಮ್ಮ ಕಡೆ ಕುಬಸ, ಈ ಕಡೆ ಸೀಮಂತ ಎನ್ನುವ ಶಾಸ್ತ್ರವನ್ನು ವಠಾರದ ಹೆಂಗಸರು ಸಂತೋಷದಿಂದ ಮಾಡಿಬಿಡುತ್ತಾರೆ, ಹಸಿರು ಬಳೆ ತೊಡಿಸಲು ಜಾತಿ ಕೇಳುವುದು ಕಡಿಮೆ. ಆದರೆ ಹೆರಿಗೆಯಾದ ನಾಲ್ಕನೆಯ ದಿನ ರಾತ್ರಿ ಮೂರು ಗಂಟೆಗೆ ಬಟ್ಟೆ ಬದಲಿಸಲು ವಠಾರ ಬರುವುದಿಲ್ಲ. ಈಗಿನಿಂದ ಕಲಿಯಿರಿ: ಅನ್ನ ಬಸಿಯುವುದು, ಸೊಪ್ಪಿನ ಸಾರು, ಹಸಿ ಕೂಸನ್ನು ಕತ್ತಿಗೆ ಕೈ ಕೊಟ್ಟು ಎತ್ತುವುದು. ಹುಟ್ಟಿದ ಗಂಟೆಯೊಳಗೆ ತಾಯಿಯ ಗಿಣ್ಣುಹಾಲು ಕುಡಿಸಬೇಕು. ಜೇನು, ಸಕ್ಕರೆ ನೀರು ಎಂದು ಯಾರಾದರೂ ತಂದರೆ ಬಾಗಿಲಲ್ಲೇ ತಡೆಯುವುದು ನಿಮ್ಮ ಕೆಲಸ. ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎನ್ನುವವರನ್ನೂ ಹಾಗೆಯೇ. ಎರಡು ವಾರ ದಾಟಿದರೂ ಅವಳು ಸುಮ್ಮನೆ ಅಳುತ್ತಿದ್ದರೆ, ಕೂಸಿನ ಮುಖ ನೋಡದಿದ್ದರೆ, ದೃಷ್ಟಿ ತೆಗೆಯಿಸುವ ಬದಲು ವೈದ್ಯರ ಬಳಿ ಕರೆದೊಯ್ಯಿರಿ. ಜನನ ನೋಂದಣಿ 21 ದಿನದೊಳಗೆ ಉಚಿತ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲೂ ಅದೇ ದಾಖಲೆ. ಆಸ್ಪತ್ರೆಯಲ್ಲಿ ತಂದೆಯ ಹೆಸರು ಕೇಳುವಾಗ ನೀವು ಅಲ್ಲಿರಬೇಕು. ಕಾಗುಣಿತ ತಪ್ಪಾದರೆ ತಿದ್ದಿಸಲು ಆಮೇಲೆ ಅಲೆದಾಟ.

ಉಳಿದ ಮಾಲಿನ ಬಗ್ಗೆ ಕೇಳಿದ್ದೀರಿ. ಆ ಬೀಜಗಳು ರುದ್ರಾಕ್ಷಿಯಂತೆಯೇ ಕಾಣುವ ಭದ್ರಾಕ್ಷಿಯಾಗಿದ್ದರೆ ಭದ್ರಾಕ್ಷಿ ಎಂದೇ ರಟ್ಟಿನ ಮೇಲೆ ಬರೆದು ಮಾರಿ. ಅಂದಕ್ಕೆ ಕೊಳ್ಳುವವರಿದ್ದಾರೆ, ಸರಕ್ಕೆ ಇಪ್ಪತ್ತು ಮೂವತ್ತು ಸಿಕ್ಕರೆ ಅಸಲು ಬಂದಂತೆ. ಬಣ್ಣ ಹಚ್ಚಿದ್ದಾದರೆ ನೀರು ತಾಗಿಸಬೇಡಿ ಎಂದೂ ಹೇಳಿ, ನನಗೆ ಯಾರೂ ಹೇಳಲಿಲ್ಲ. ಉಂಗುರಗಳು ಮಕ್ಕಳ ಆಟಕ್ಕೆ, ಹತ್ತು ರೂಪಾಯಿಗೆ ಹೋಗುತ್ತವೆ. ಪವರ್ ಬ್ಯಾಂಕುಗಳನ್ನು ಮಾತ್ರ ಯಾವ ಹೆಸರಿನಲ್ಲೂ ಮಾರಬೇಡಿ. ಕಳಪೆ ಬ್ಯಾಟರಿ ಉಬ್ಬಿ ಹೊತ್ತಿಕೊಳ್ಳುತ್ತದೆ. ಅವನ್ನು ಕಸದ ಗಾಡಿಗೂ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಅಲ್ಲಿಯವರೆಗೆ ಆ ಚೀಲ ಗೆಳೆಯ ಮಲಗುವ ಕೋಣೆಯಲ್ಲೂ ಬೇಡ, ನಿಮ್ಮ ಕೋಣೆಯಲ್ಲಂತೂ ಬೇಡವೇ ಬೇಡ.